ದಿನಾ ಕನ್ನಡ ಬರೆಯೋಕೆ ಜಪಾನಿ ಪೆನ್ನು: ಯಾವುದು, ಯಾವ ನಿಬ್ಬು?

ಮಲೆನಾಡ ಮೇಷ್ಟ್ರು
ನನ್ನ ಭಾವಮೈದ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ, ಮುಂದಿನ ತಿಂಗಳು ರಜಕ್ಕೆ ಬರ್ತಾನೆ. ಚಾಕೊಲೇಟು ಬೇಡ ಮಾರಾಯ, ಇಂಕು ಪೆನ್ನು ತಾ, ದುಡ್ಡು ನಾನೇ ಕೊಡ್ತೀನಿ ಅಂದಿದೀನಿ. ಮೂವತ್ತು ಸಾವಿರ ರೂಪಾಯಿಯೊಳಗೆ ಆಗಬೇಕು. ಮನೆಯಲ್ಲಿ ಹೇಳಿರೋದು ಹತ್ತು ಸಾವಿರ, ಅದು ಬೇರೆ ವಿಷಯ.

ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡ್ತೀನಿ. ದಿನಕ್ಕೆ ಐದಾರು ಪುಟ ಕೈಬರಹ ಇದ್ದೇ ಇರುತ್ತೆ, ಮುಕ್ಕಾಲು ಪಾಲು ಕನ್ನಡ. ಈಗ ಪೈಲಟ್ ಮೆಟ್ರೊಪಾಲಿಟನ್ ಇದೆ, ಎಂ ನಿಬ್ಬು, ಅಂದ್ರೆ ಮೀಡಿಯಂ. ಪೆನ್ನಿನ ಮೇಲೆ ದೂರಿಲ್ಲ. ಆದರೆ ನನ್ನ ಅಕ್ಷರ ಸಣ್ಣದು. ‘ರಾಷ್ಟ್ರ’ ಅಂತ ಬರೆದರೆ ಕೆಳಗಿನ ಎರಡು ಒತ್ತೂ ಸೇರಿ ಒಂದೇ ಮಸಿಮುದ್ದೆ.

ನೋಡಿಟ್ಟಿರೋದು ಪೈಲಟ್ ಕಸ್ಟಮ್ 823, ಸೈಲರ್ ಪ್ರೊ ಗಿಯರ್, ಪ್ಲಾಟಿನಂ 3776. ಯಾವುದು ತರಿಸಲಿ? ನಿಬ್ಬಿನ ಪಟ್ಟಿ ನೋಡಿದರೆ ತಲೆ ತಿರುಗುತ್ತೆ. ಇಎಫ್, ಎಫ್, ಎಸ್‌ಎಫ್, ಎಫ್‌ಎಂ, ಎಂಎಫ್... ಯಾರಾದರೂ ಬಿಡಿಸಿ ಹೇಳಿ.

ಶಾಯಿಪ್ರಿಯ
823. ಕಣ್ಣು ಮುಚ್ಚಿಕೊಂಡು ತಗೊಳ್ಳಿ.

ಬಸವನಗುಡಿ ಬಳಪ
ಭಾವಮೈದ ತರೋದು ಅಂದಮೇಲೆ ಅವನಕ್ಕನಿಗೆ ಬೆಲೆ ಗೊತ್ತಾಗದೆ ಇರುತ್ತಾ ಸಾರ್?

ಇರಲಿ. ಪೆನ್ನಿನ ಹೆಸರು ಆಮೇಲೆ. ಮೊದಲು ಎರಡು ವಿಷಯ ಹೇಳಿ. ಯಾವ ಹಾಳೆ ಮೇಲೆ ಬರೀತೀರಿ? ಒತ್ತಿ ಬರೀತೀರೋ, ತೇಲಿಸಿ ಬರೀತೀರೋ?

ಮಲೆನಾಡ ಮೇಷ್ಟ್ರು
ಅಕ್ಕನ ವಿಷಯ ದೇವರಿಗೆ ಬಿಟ್ಟಿದ್ದು.

ಹಾಳೆ ಅಂದ್ರೆ ಮಾಮೂಲಿ ಲಾಂಗ್ ನೋಟ್‌ಬುಕ್ಕು, ಹಾಜರಿ ಪುಸ್ತಕ, ಜೆರಾಕ್ಸ್ ಹಾಳೆ. ಬಾಲ್ ಪೆನ್ನಿನ ಕೈ, ಒತ್ತು ಸ್ವಲ್ಪ ಜಾಸ್ತಿನೇ.

ಹುಬ್ಬಳ್ಳಿ ವಕೀಲ
ನೋಡ್ರಿ ಸರ, ನಾ ಪ್ಲಾಟಿನಂ 3776 ಸೆಂಚುರಿ ಇಟ್ಟೀನಿ, ಎಫ್ ನಿಬ್, ಅಂದ್ರ ಫೈನ್. 3776 ಅಂದ್ರ ಫುಜಿ ಪರ್ವತದ ಎತ್ತರ, ಮೀಟರ್ ಲೆಕ್ಕದಾಗ. ಈ ಸೆಂಚುರಿ 2011ರಾಗ ಬಂದದ್ದು. ಕ್ಯಾಪಿನ ಒಳಗ ಸ್ಪ್ರಿಂಗ್ ಇರೋ ಇನ್ನೊಂದು ಸಣ್ಣ ಕ್ಯಾಪ್ ಐತಿ. ತಿರುವಿದ ಕೂಡ್ಲೆ ನಿಬ್ಬಿನ ಸುತ್ತ ಗಾಳಿ ಆಡದಂಗ ಮುಚ್ಚಿಕೊಂತೈತಿ. ಕಂಪನಿಯವ್ರು ಎರಡು ವರ್ಷ ಇಂಕು ಒಣಗಂಗಿಲ್ಲ ಅಂತಾರ. ಅಷ್ಟು ದಿವಸ ಯಾರು ಬಿಟ್ಟು ನೋಡ್ಯಾರ? ಆದ್ರ ಕೋರ್ಟಿನ ಬ್ಯಾಸಗಿ ಸೂಟಿ ಮುಗದ ಮ್ಯಾಲೆ ತಗದ್ರ ಮೊದಲನೇ ಅಕ್ಷರದಿಂದನ ಬರೀತೈತಿ.

ಒಂದ ಮಾತು. ಪ್ಲಾಟಿನಂ ಎಫ್ ಭಾಳ ಸಣ್ಣ. ಹಾಳಿ ಮ್ಯಾಲೆ ಸರ್‌ಸರ್ ಅಂತ ಸಪ್ಪಳ ಬರ್ತೈತಿ. ನನಗ ಆ ಸಪ್ಪಳ ಸೇರ್ತೈತಿ, ನಮ್ಮ ಜೂನಿಯರ್‌ಗ ಸೇರಂಗಿಲ್ಲ.

ಯೊಕೊಹಾಮಾ ಕನ್ನಡತಿ
ಇಲ್ಲಿಂದ ಊರಿನವರಿಗೆ ಪೆನ್ನು ಸಾಗಿಸೋದೇ ನನ್ನ ಎರಡನೇ ಉದ್ಯೋಗ ಆಗಿಬಿಟ್ಟಿದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಪೈಲಟ್‌ನ ನಂಬರುಗಳಿಗೆ ಒಂದು ಲೆಕ್ಕ ಇದೆ. ಕಂಪನಿ ಶುರುವಾಗಿದ್ದು 1918ರಲ್ಲಿ. ಮೊದಲ ಎರಡು ಅಂಕಿ ಕಂಪನಿಗೆ ಎಷ್ಟನೇ ವರ್ಷ ಅನ್ನೋದು, ಕೊನೆಯದು ಪೆನ್ನು ಬಂದಾಗಿನ ಬೆಲೆ, ಹತ್ತು ಸಾವಿರ ಯೆನ್ ಲೆಕ್ಕದಲ್ಲಿ. ಅಂದರೆ 823 ಅನ್ನೋದು 82ನೇ ವರ್ಷದ್ದು, 30,000 ಯೆನ್‌ದು. 743 ಕೂಡ 30,000ದ್ದು, 74ನೇ ವರ್ಷ. 845 ಐವತ್ತು ಸಾವಿರದ್ದು, ಮೈಗೆ ಉರುಷಿ ಅರಗು ಬಳಿದಿರ್ತಾರೆ. ಈಗ ಬೆಲೆಗಳೆಲ್ಲ ಏರಿವೆ, ನಂಬರು ಮಾತ್ರ ಅಲ್ಲೇ ನಿಂತಿದೆ.

ಮೇಷ್ಟ್ರು ಗಮನಿಸಬೇಕಾದ್ದು ಏನಂದ್ರೆ 823ಕ್ಕೂ 743ಕ್ಕೂ ನಿಬ್ಬು ಒಂದೇ, 14 ಕ್ಯಾರೆಟ್‌ನ 15ನೇ ನಂಬರಿನ ಅಳತೆಯದು. ವ್ಯತ್ಯಾಸ ಇಂಕು ತುಂಬೋ ವಿಧಾನದಲ್ಲಿ. 823ರ ಹಿಂಬದಿಯ ಗುಬುಟು ಬಿಚ್ಚಿ, ಎಳೆದು, ಒತ್ತಿದರೆ ಒಂದೇ ಸಲಕ್ಕೆ ಹೊಟ್ಟೆ ತುಂಬ ಇಂಕು ಎಳ್ಕೊಳ್ಳುತ್ತೆ. 743ಗೆ ಕಾರ್ಟ್ರಿಡ್ಜ್ (ಇಂಕು ತುಂಬಿಯೇ ಬರೋ ಕೊಳವೆ) ಇಲ್ಲಾ ಕನ್ವರ್ಟರ್ (ಬಾಟಲಿಯಿಂದ ಇಂಕು ತುಂಬಿಕೊಳ್ಳೋ ಕೊಳವೆ). 823ರಲ್ಲಿ ಇನ್ನೊಂದು ಇದೆ, ಗೊತ್ತಿಲ್ಲದೆ ಎಷ್ಟೋ ಜನ ಪೆನ್ನು ಕೆಟ್ಟಿದೆ ಅಂತ ವಾಪಸ್ ಮಾಡ್ತಾರೆ. ಗುಬುಟು ಪೂರ್ತಿ ಬಿಗಿ ಮಾಡಿದರೆ ಒಳಗಿನ ವಾಲ್ವು ಇಂಕಿನ ದಾರಿ ಮುಚ್ಚುತ್ತೆ. ನಿಬ್ಬಿನ ಕೆಳಗೆ ಇಂಕು ಹರಿಸೋ ಫೀಡಿನಲ್ಲಿರೋದು ಖಾಲಿಯಾಗೋವರೆಗೆ ಬರೆದು ನಿಂತುಬಿಡುತ್ತೆ. ಪುಟಗಟ್ಟಲೆ ಬರೆಯೋವಾಗ ಒಂಚೂರು ಸಡಿಲ ಮಾಡಿಟ್ಟುಕೊಳ್ಳಬೇಕು.

ಅಂಗಡಿ ವಿಷಯ. ಟೋಕಿಯೊದ ಇಟೋಯಾ, ಮಾರುಝೆನ್ ಥರದ ಕಡೆ ಕೇಳಿದರೆ ನಿಬ್ಬನ್ನ ಇಂಕಿಗೆ ಅದ್ದಿ ಬರೆದು ನೋಡೋಕೆ ಕೊಡ್ತಾರೆ. ಒಸಾಕಾದಲ್ಲಾದ್ರೆ ಉಮೆದಾ ಪೇಟೆಯ ಡಿಪಾರ್ಟ್‌ಮೆಂಟ್ ಸ್ಟೋರುಗಳ ಪೆನ್ನಿನ ಕೌಂಟರಿಗೆ ಹೋಗಲಿ. ಆದರೆ ಅವರು ಕೊಡೋ ಹಾಳೆ ನುಣುಪು, ಅದರ ಮೇಲೆ ಎಲ್ಲ ನಿಬ್ಬೂ ದೇವತೆಯೇ. ನಿಮ್ಮ ಲಾಂಗ್ ಬುಕ್ಕಿನ ನಾಲ್ಕು ಹಾಳೆ ಅವರಿಗೆ ಪೋಸ್ಟ್ ಮಾಡಿ, ಅದರ ಮೇಲೆ ಬರೆಸಿ ಫೋಟೊ ತರಿಸ್ಕೊಳ್ಳಿ. ಅದ್ದಿ ಬರೆದಾಗ ಗೆರೆ ಮಾಮೂಲಿಗಿಂತ ಸ್ವಲ್ಪ ದಪ್ಪ ಬರುತ್ತೆ, ಅದನ್ನೂ ನೆನಪಿಟ್ಟುಕೊಳ್ಳಿ.

ಮತ್ತೆ, ಶೇ 10ರ ತೆರಿಗೆ ಮಾಫಿ ಪ್ರವಾಸಿಗಳಿಗೆ ಮಾತ್ರ. ಇಲ್ಲೇ ನೆಲೆಸಿ ದುಡಿಯೋ ಭಾವಮೈದನಿಗೆ ಸಿಗಲ್ಲ. ಆ ಲೆಕ್ಕ ಹಾಕ್ಕೊಂಡಿದ್ದರೆ ಬಿಡಿ.

ಶಾಯಿಪ್ರಿಯ
ಅದಕ್ಕೇ ಹೇಳಿದ್ದು, 823.

ಯೊಕೊಹಾಮಾ ಕನ್ನಡತಿ
ಅಷ್ಟುದ್ದ ಬರೆದಿದ್ದು 823 ಒಂದೇ ದಾರಿ ಅಲ್ಲ ಅನ್ನೋಕೆ ಸ್ವಾಮಿ 😄

ಚಿನ್ನದಂಗಡಿ ಚಂದ್ರು
ಎಲ್ಲರೂ ಸೈಲರ್ ಬಿಟ್ಟುಬಿಟ್ರಲ್ಲ. ಸೈಲರ್ ದೊಡ್ಡ ಪ್ರೊ ಗಿಯರ್‌ನಲ್ಲಿ 21 ಕ್ಯಾರೆಟ್ ಚಿನ್ನದ ನಿಬ್ಬು. ಉಳಿದ ಎರಡೂ 14. ಅದೇ ದುಡ್ಡಿಗೆ ಜಾಸ್ತಿ ಚಿನ್ನ, ಜಾಸ್ತಿ ಮೆದು. ಒತ್ತಿ ಬರೆಯೋ ಕೈಗೆ ಅದೇ ಸರಿ.

ಅರ್ಕಾವೊತ್ತು
ಚಂದ್ರು ಅವರೇ, ನೀವು ಒಡವೆ ಲೆಕ್ಕ ಹಾಕ್ತಾ ಇದೀರಿ. 14 ಅಂದ್ರೆ ಶೇ 58.5 ಚಿನ್ನ, 21 ಅಂದ್ರೆ ಶೇ 87.5, ಅಷ್ಟು ನಿಜ. ಆದರೆ ಹಾಳೆಗೆ ತಾಗೋದು ಚಿನ್ನವೇ ಅಲ್ಲ. ತುದಿಗೆ ಬೆಸೆದಿರೋ ಗಟ್ಟಿ ಮಿಶ್ರಲೋಹದ ಸಣ್ಣ ಗುಂಡು ತಾಗೋದು. ನಿಬ್ಬು ಬಗ್ಗುತ್ತೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋದು ತಗಡಿನ ದಪ್ಪ, ಸೀಳಿನ ಉದ್ದ, ಭುಜದ ಆಕಾರ. ಸೈಲರ್‌ನ 21 ಕ್ಯಾರೆಟ್ ನಿಬ್ಬು ಬರೆಯೋವಾಗ ಗಟ್ಟಿನೇ. ಪೈಲಟ್‌ನ ಎಫ್‌ಎ ಅನ್ನೋ ನಿಬ್ಬು ಬರೀ 14 ಕ್ಯಾರೆಟ್, ಎರಡೂ ಭುಜ ಕತ್ತರಿಸಿರೋದ್ರಿಂದ ಬಾಗಿ ಬಳುಕುತ್ತೆ.

ಒತ್ತಿ ಬರೆಯೋ ಕೈಗೆ ಮೆದು ನಿಬ್ಬು (ಎಸ್‌ಎಫ್ ಅಂದ್ರೆ ಸಾಫ್ಟ್ ಫೈನ್, ಅದೂ ಇದೇ ಜಾತಿ) ಕೊಡೋದು ಅಂದ್ರೆ ನಿಬ್ಬಿಗೆ ಶಿಕ್ಷೆ.

ಈಗ ಮೇಷ್ಟ್ರ ನಿಜವಾದ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಇಲ್ಲಿವರೆಗೆ ಯಾರೂ ಕನ್ನಡದ ಸುದ್ದಿ ಎತ್ತಿಲ್ಲ. ಜಪಾನಿಗರು ನಿಬ್ಬನ್ನ ಸಣ್ಣಗೆ ಮಾಡೋದು ಅವರ ಕಾಂಜಿ ಅಕ್ಷರಕ್ಕಾಗಿ. ಒಂದು ಸಣ್ಣ ಚೌಕದೊಳಗೆ ಹತ್ತಿಪ್ಪತ್ತು ಗೀಟು ಹಿಡಿಸಬೇಕು. ಅದಕ್ಕೇ ಅವರ ಎಫ್ ಹೆಚ್ಚುಕಡಿಮೆ ಯುರೋಪಿನವರ ಇಎಫ್‌ಗೆ (ಎಕ್ಸ್‌ಟ್ರಾ ಫೈನ್) ಸಮ. ನಮಗೆ ಅದರಿಂದ ಲಾಭ. ‘ಕಥೆ’ ಬರೆಯಿರಿ. ಥ ಒಳಗಿನ ಚುಕ್ಕಿ ಮಸಿಯಲ್ಲಿ ಮುಳುಗಿದರೆ ‘ಕಧೆ’. ‘ಪಾಠ’ದ ಠ ಚುಕ್ಕಿ ಕಳಕೊಂಡರೆ ‘ಪಾರ’. ‘ವಿಷಯ’ದ ಷ ಹೊಟ್ಟೆಯೊಳಗಿನ ಗೀಟು ಅಂಟಿಕೊಂಡರೆ ‘ವಿಪಯ’. ಮಾಮೂಲಿ ಗೆರೆ ಪುಸ್ತಕದಲ್ಲಿ, ಅಕ್ಷರದ ಹೊಟ್ಟೆ ಎರಡೂವರೆ ಮೂರು ಮಿಲಿಮೀಟರ್ ಇರೋ ಕಡೆ, ಎಂ ನಿಬ್ಬಿಗೆ ಜಾಗವೇ ಇಲ್ಲ.

ಹಾಗಂತ ಇಎಫ್, ಅದಕ್ಕೂ ಸಣ್ಣ ಯುಇಎಫ್ ಕಡೆ ಓಡಬೇಡಿ. ಕಾಂಜಿಯಲ್ಲಿ ಪೆನ್ನು ಎತ್ತಿ ಎತ್ತಿ ಇಡ್ತಾರೆ. ಕನ್ನಡದಲ್ಲಿ ಸುತ್ತು ಜಾಸ್ತಿ, ಪೆನ್ನು ಹಾಳೆ ಬಿಡದೆ ಎಲ್ಲ ದಿಕ್ಕಿಗೂ ತಿರುಗುತ್ತೆ. ಕೆಳಗಿಂದ ಮೇಲಕ್ಕೆ, ಬಲದಿಂದ ಎಡಕ್ಕೆ ತಳ್ಳುವಾಗ ಸೂಜಿ ತುದಿ ಹಾಳೆಯ ನಾರಿಗೆ ತೊಡರುತ್ತೆ. ‘ಜ’, ‘ಇ’, ‘ಖ’ ಬರೆದು ನೋಡಿ, ತಕ್ಷಣ ಗೊತ್ತಾಗುತ್ತೆ. ಸಣ್ಣ ಅಕ್ಷರದ ಕನ್ನಡಕ್ಕೆ ಪೈಲಟ್ ಎಫ್. ಅಕ್ಷರ ಸ್ವಲ್ಪ ದೊಡ್ಡದು, ಹಾಳೆ ಒಳ್ಳೆಯದು ಅಂದ್ರೆ ಎಫ್‌ಎಂ, ಇಲ್ಲಾ ಸೈಲರ್‌ನ ಎಂಎಫ್, ಎರಡೂ ಎಫ್‌ಗೂ ಎಂಗೂ ನಡುವಿನವು. ನನ್ನ ಪ್ರಕಾರ ಮೊದಲು ನಿಬ್ಬಿನ ಅಗಲ, ಆಮೇಲೆ ಪೆನ್ನು. ಎಲ್ಲರೂ ಉಲ್ಟಾ ಮಾಡ್ತಾರೆ.

ಮಲೆನಾಡ ಮೇಷ್ಟ್ರು
ವಿಪಯ! ನಮ್ಮ ಹುಡುಗರು ಬೋರ್ಡಿನಿಂದ ಹಾಗೇ ಕಾಪಿ ಮಾಡ್ತಾರೆ, ಅಲ್ಲಿ ನಿಬ್ಬಿನ ಮೇಲೆ ತಪ್ಪು ಹೊರಿಸೋ ಹಾಗೂ ಇಲ್ಲ.

ಎಫ್‌ಎ ಚೆಂದ ಕಾಣುತ್ತಲ್ಲ, ದಪ್ಪ ತೆಳು ಗೆರೆ ಬರೋ ವಿಡಿಯೊ ನೋಡಿದೆ. ಮತ್ತೆ ಸೈಲರ್‌ದು ನಾಗಿನಾತಾ ತೋಗಿ ಅಂತ ಒಂದು ಬರುತ್ತಂತಲ್ಲ?

ಅರ್ಕಾವೊತ್ತು
ಬೇಡ. ಎರಡೂ ಬೇಡ. ಎಫ್‌ಎ ನಿಮ್ಮ ಕೈಯಲ್ಲಿ ವಾರದೊಳಗೆ ಕಾಲಗಲಿಸಿ ನಿಲ್ಲುತ್ತೆ.

ಯೊಕೊಹಾಮಾ ಕನ್ನಡತಿ
ನಾಗಿನಾತಾ ತೋಗಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಸೈಲರ್‌ನಲ್ಲಿದ್ದ ನೊಬುಯೊಶಿ ನಾಗಾಹಾರಾ ಅನ್ನೋ ಕುಶಲಿಯ ಕೈಯಿಂದ ಬಂದ ನಿಬ್ಬು. ತುದಿಯ ಗುಂಡನ್ನ ಉದ್ದಕ್ಕೆ ಬಿಟ್ಟು ಕೈಯಲ್ಲೇ ಉಜ್ಜಿ ಆಕಾರ ಕೊಡ್ತಾರೆ. ಪೆನ್ನು ನೆಟ್ಟಗೆ ಹಿಡಿದರೆ ತೆಳು ಗೆರೆ, ಮಲಗಿಸಿದರೆ ದಪ್ಪ. ಕುಂಚದ ಬರಹದಲ್ಲಿ ಗೀಟಿನ ಕೊನೆಯಲ್ಲಿ ನಿಲ್ಲಿಸೋದು, ಚಿಮ್ಮಿಸೋದು, ಬೀಸಿ ಬಿಡೋದು ಅಂತ ಮೂರು ಥರ ಇದೆ. ಅದೆಲ್ಲ ಪೆನ್ನಿನಲ್ಲಿ ಬರಲಿ ಅಂತ ಮಾಡಿದ್ದು. ನಾನು ಒಂದು ತಗೊಂಡು ಕನ್ನಡ ಬರೆದೆ. ಬರೆಯೋಕೆ ಹಾಯಾಗಿದೆ, ಆದರೆ ಗೆರೆ ದಪ್ಪ. ಒತ್ತಕ್ಷರದ ಸಮಸ್ಯೆ ಇರೋರಿಗಂತೂ ಖಂಡಿತ ಅಲ್ಲ. ಬೆಲೆಯೂ ನಿಮ್ಮ ಗೆರೆ ದಾಟುತ್ತೆ.

ಹತ್ರೂಪಾಯಿ ಪೆನ್ನು
ಮೂವತ್ತು ಸಾವಿರದ ಪೆನ್ನಿನಲ್ಲಿ ಬರೆದ್ರೆ ಪಾಠ ಚೆನ್ನಾಗಿ ಬರುತ್ತಾ? ಹತ್ತು ರೂಪಾಯಿ ಜೆಲ್ ಪೆನ್ನು, ಕಳೆದ್ರೂ ಚಿಂತೆ ಇಲ್ಲ. ಎಲ್ಲ ಶೋಕಿ ಬಿಡ್ರಪ್ಪಾ.

ಬಸವನಗುಡಿ ಬಳಪ
ಶೋಕಿ ಹೌದು. ಯಾರು ಅಲ್ಲ ಅಂದ್ರು? ಆದರೆ ದಿನಕ್ಕೆ ಆರು ಪುಟ ಒತ್ತಿ ಬರೆದು ಸಂಜೆ ಹೆಬ್ಬೆರಳು ನೋಯೋದು ಶೋಕಿ ಅಲ್ಲ.

ಕರಾವಳಿ ಡಾಕ್ಟ್ರು
ಹತ್ರೂಪಾಯಿಯವರು ಹೇಳಿದ್ದರಲ್ಲಿ ಅರ್ಧ ಸರಿ ಉಂಟು ಮಾರಾಯ್ರೇ. ಚಿನ್ನದ ನಿಬ್ಬೇ ಆಗಬೇಕಂತ ಇಲ್ಲ. ಪ್ಲಾಟಿನಂನ ಪ್ರೆಪ್ಪಿ ಉಂಟಲ್ಲ, ಪ್ಲಾಸ್ಟಿಕ್‌ನದ್ದು, ಅದರಲ್ಲೂ 3776ರ ಹಾಗೆ ಇಂಕು ಒಣಗದ ಕ್ಯಾಪ್ ಉಂಟು. ಪೈಲಟ್‌ನ ಕಾಕುನೊ ಅಂತ ಮಕ್ಕಳ ಪೆನ್ನು, ನಿಬ್ಬಿನ ಮೇಲೆ ನಗುವ ಮುಖ ಕೊರೆದದ್ದು. ಅದರ ಎಫ್ ನಿಬ್ಬಿನಲ್ಲಿ ಒಂದು ತಿಂಗಳು ಬರೆದು ನೋಡಿ. ಅಗಲ ಕೈಗೆ ಹೊಂದಿದರೆ ಮತ್ತೆ ದೊಡ್ಡದಕ್ಕೆ ದುಡ್ಡು ಹಾಕಿ.

ನಾನು ಸ್ವತಃ ಇಟ್ಟುಕೊಂಡದ್ದು ಪೈಲಟ್ ಕ್ಯಾಪ್‌ಲೆಸ್. ಹಿಂದೆ ಒತ್ತಿದರೆ ನಿಬ್ಬು ಹೊರಗೆ ಬರ್ತದೆ, ಒಂದೇ ಕೈ ಸಾಕು. 1963ರಿಂದ ಈ ಜಾತಿ ಉಂಟು. ಒಪಿಡಿಯಲ್ಲಿ ಇನ್ನೊಂದು ಕೈಯಲ್ಲಿ ಸ್ಟೆತೊಸ್ಕೋಪ್ ಇರುವವರಿಗೆ ಹೇಳಿ ಮಾಡಿಸಿದ್ದು.

ಎಡಗೈ ಈರ
ಡಾಕ್ಟ್ರೇ, ಆ ಕ್ಯಾಪ್‌ಲೆಸ್‌ನ ಕ್ಲಿಪ್ಪು ಬೆರಳು ಹಿಡಿಯೋ ಜಾಗದಲ್ಲೇ ಇದೆಯಲ್ಲ, ನನ್ನ ಎಡಗೈ ಹಿಡಿತಕ್ಕೆ ಸರಿಯಾಗಿ ತೋರುಬೆರಳಿಗೆ ಚುಚ್ಚುತ್ತೆ. ನಿಮ್ಮ ಕಡೆ ಎಡಗೈಯವರು ಏನು ಮಾಡ್ತಾರೆ?

ಕರಾವಳಿ ಡಾಕ್ಟ್ರು
ಬಾಲ್ ಪೆನ್ನಿನಲ್ಲಿ ಬರೀತಾರೆ 😀 ತಮಾಷೆಗೆ ಹೇಳಿದ್ದು. ಆ ಕ್ಲಿಪ್ಪಿನ ಪೆನ್ನನ್ನು ಅಂಗಡಿಯಲ್ಲಿ ಹಿಡಿದು ನೋಡದೆ ಯಾರೂ ತಗೊಳ್ಳಬೇಡಿ, ಬಲಗೈಯವರೂ.

ಹುಬ್ಬಳ್ಳಿ ವಕೀಲ
ನಮ್ಮ ಡಾಕ್ಟ್ರು ಜಪಾನಿ ನಿಬ್ಬಿನಾಗ ಬರೆದ ಚೀಟಿ ಅರೆ ಮೆಡಿಕಲ್ ಶಾಪಿನವಗ ಓದಾಕ ಬರ್ತೈತೇನ್ರಿ?

ಕರಾವಳಿ ಡಾಕ್ಟ್ರು
ವಕೀಲರ ಅರ್ಜಿ ಜಡ್ಜಿಗೆ ತಿಳಿಯುವಷ್ಟು ತಿಳಿಯುತ್ತದೆ.

ಮಲೆನಾಡ ಮೇಷ್ಟ್ರು
ಇಬ್ಬರೂ ಸ್ವಲ್ಪ ನಿಲ್ಲಿಸಿ. ಇಂಕು ಯಾವುದು? ಹಾಜರಿ ಪುಸ್ತಕದ ಮೇಲೆ ಮಳೆಗಾಲದಲ್ಲಿ ನೀರು ಬೀಳದೆ ಇರಲ್ಲ. ಜೊತೆಗೆ ಜೆರಾಕ್ಸ್ ಹಾಳೆಯಲ್ಲಿ ಈಗಿನ ಇಂಕು ಬೇರು ಬಿಟ್ಟ ಹಾಗೆ ಹರಡುತ್ತೆ.

ಬಸವನಗುಡಿ ಬಳಪ
ಇದಕ್ಕೇ ನಾನು ಮೊದಲೇ ಹಾಳೆ ಕೇಳಿದ್ದು. ಪೈಲಟ್‌ನ ಇರೋಶಿಝುಕು ಇಂಕುಗಳು ನೋಡೋಕೆ ಬಲು ಚೆಂದ, ಆದರೆ ನೀರು ಬಿದ್ದರೆ ತೇಲಿ ಹೋಗ್ತವೆ. ದಾಖಲೆಗೆ ಅದಲ್ಲ. ಪೈಲಟ್‌ನದೇ ಮಾಮೂಲಿ ಬ್ಲೂ-ಬ್ಲ್ಯಾಕ್ ಸಾಕು, ನೀರು ಸುಮಾರಾಗಿ ತಡ್ಕೊಳ್ಳುತ್ತೆ. ಇನ್ನೂ ಗಟ್ಟಿ ಬೇಕು ಅಂದ್ರೆ ಪ್ಲಾಟಿನಂ ಕಾರ್ಬನ್ ಅಥವಾ ಸೈಲರ್‌ನ ಕಿವಾಗುರೊ. ಎರಡೂ ಪಿಗ್ಮೆಂಟ್, ಅಂದರೆ ಬಣ್ಣದ ನುಣ್ಣನೆ ಪುಡಿಯ ಇಂಕು, ಒಣಗಿದ ಮೇಲೆ ಕದಲೋದಿಲ್ಲ. ಆದರೆ ಪೆನ್ನಿನೊಳಗೂ ಹಾಗೇ ಒಣಗಿ ಕೂರುತ್ತೆ. ಬೇಸಿಗೆ ರಜದಲ್ಲಿ ಮರೆತು ಡ್ರಾಯರಿನಲ್ಲಿ ಬಿಟ್ಟರೆ ಫೀಡು ಕಟ್ಟಿಕೊಳ್ಳುತ್ತೆ. ಬಳಸೋದಾದ್ರೆ ದಿನಾ ಬರೀಬೇಕು, ಆಗಾಗ ತೊಳೀಬೇಕು.

ಟೊಮೊಯೆ ರಿವರ್ ಅಂತ ಚದರ ಮೀಟರಿಗೆ 52 ಗ್ರಾಂ ತೂಗೋ ತೆಳು ಜಪಾನಿ ಹಾಳೆ ಬರುತ್ತೆ, ಅದರ ಮೇಲೆ ಏನು ಸುರಿದರೂ ಹರಡಲ್ಲ. ಆದರೆ ಪಾಠದ ಟಿಪ್ಪಣಿಗೆ ಅದನ್ನ ತರಿಸೋದು ಅತಿ ಆಯ್ತು. ನಿಬ್ಬು ಸಣ್ಣದಾದರೆ ಹಾಳೆಯ ಅರ್ಧ ರೋಗ ವಾಸಿ.

ಗೀಚುಗಾರ
ಹಾಳೆ ಅಷ್ಟು ಕೆಟ್ಟದು ಅಂದ್ರೆ ಪೈಲಟ್‌ನ ಪಿಓ ನಿಬ್ಬು ಯಾಕೆ ಯಾರೂ ಹೇಳ್ತಿಲ್ಲ? ತುದಿ ಕೆಳಕ್ಕೆ ಬಗ್ಗಿರುತ್ತೆ, ಬಲು ಗಟ್ಟಿ, ಇಂಕು ಕಮ್ಮಿ ಬಿಡುತ್ತೆ. ನಾನು ಬ್ಯಾಂಕಿನ ಚಲನ್‌ಗೆ, ಪೋಸ್ಟ್ ಆಫೀಸ್ ಫಾರ್ಮಿಗೆ ಅದನ್ನೇ ಬಳಸೋದು. 743ರಲ್ಲಿ ಸಿಗುತ್ತೆ.

ಅರ್ಕಾವೊತ್ತು
ಫಾರ್ಮ್ ತುಂಬೋಕೆ ಒಪ್ಪಿದೆ. ಆರು ಪುಟ ಕನ್ನಡಕ್ಕೆ ಒಪ್ಪಲ್ಲ. ಅಷ್ಟು ಚೂಪು ತುದಿಯಲ್ಲಿ ಸುತ್ತು ಹೊಡೆದು ಹೊಡೆದು ಕೈ ಸೋತು ಹೋಗುತ್ತೆ.

ಗೀಚುಗಾರ
ನಾನು ಪಿಓದಲ್ಲಿ ಇಡೀ ಪತ್ರ ಬರೆದಿದೀನಿ, ಕೈ ಸೋತಿಲ್ಲ.

ಅರ್ಕಾವೊತ್ತು
ನೀವು ತೇಲಿಸಿ ಬರೀತೀರಿ. ಮೇಷ್ಟ್ರು ಒತ್ತೋ ಕೈ. ಅದೇ ಗಟ್ಟಿ ತುದಿ, ಅದೇ ಮೆದು ಹಾಳೆ, ಉಳುಮೆ ಆಗುತ್ತೆ.

ನಂಜನಗೂಡು ನಂಜಪ್ಪ
ರಿಪೇರಿ ವಿಷಯ ಯಾರೂ ಎತ್ತಲಿಲ್ಲ. ನನ್ನ ಪೆನ್ನು ಕೆಳಗೆ ಬಿದ್ದು ನಿಬ್ಬಿನ ಸೀಳಿನ ಎರಡು ಕಾಲಲ್ಲಿ ಒಂದು ಇನ್ನೊಂದರ ಮೇಲೆ ಹತ್ತಿತ್ತು. ಒಂದು ಅಂಗಡಿಗೆ ಕೊಟ್ಟೆ, ಹೆಸರು ಬೇಡ. ಆ ಪುಣ್ಯಾತ್ಮ ಎಮರಿ ಕಾಗದ ತಗೊಂಡು ನನ್ನ ಕಣ್ಣೆದುರೇ ಉಜ್ಜಿದ. ತುದಿಯ ಗುಂಡು ಒಂದು ಕಡೆ ಪೂರ್ತಿ ಸವೆದು ಹೋಯ್ತು, ಈಗ ಅದು ಬರೀ ಶೋಕೇಸಿಗೆ. ಕಾಲು ಹತ್ತಿದ್ದನ್ನ ಸರಿ ಮಾಡೋಕೆ ಉಜ್ಜೋದೇ ಬೇಕಿಲ್ಲ. ಬೂತಗನ್ನಡಿಯಲ್ಲಿ ನೋಡ್ಕೊಂಡು ಉಗುರಲ್ಲಿ ನಿಧಾನಕ್ಕೆ ಕೂರಿಸಿದರೆ ಸಾಕು ಅಂತ ಆಮೇಲೆ ಗೊತ್ತಾಯ್ತು.

ಜಪಾನಿನಲ್ಲಿ ಕೊಂಡ ಪೆನ್ನಿಗೆ ಇಲ್ಲಿ ಯಾರೂ ಜವಾಬ್ದಾರಿ ತಗೊಳ್ಳಲ್ಲ. ಯೋಚನೆ ಮಾಡಿ.

ಯೊಕೊಹಾಮಾ ಕನ್ನಡತಿ
ಅದಕ್ಕೇ ಕೊಳ್ಳೋವಾಗಲೇ ಭಾವಮೈದ ಅಲ್ಲೇ ನಿಂತು ಬರೆದು ನೋಡಲಿ. ಬೂತಗನ್ನಡಿ ಕೇಳಿದರೆ ಕೌಂಟರಿನವರು ಕೊಡ್ತಾರೆ. ಎರಡು ಕಾಲೂ ಸಮ ಇದೆಯಾ ನೋಡಬೇಕು ಅಷ್ಟೆ. ಮತ್ತೆ ವಿಮಾನದಲ್ಲಿ ಇಂಕು ತುಂಬದೆ ತರಲಿ. ಒತ್ತಡ ಬದಲಾದಾಗ ಅರ್ಧ ತುಂಬಿದ ಪೆನ್ನು ಕ್ಯಾಪಿನೊಳಗೇ ವಾಂತಿ ಮಾಡುತ್ತೆ.

ಮಲೆನಾಡ ಮೇಷ್ಟ್ರು
ತೀರ್ಮಾನ ಆಯ್ತು. 743, ಎಫ್. 823 ಬಿಟ್ಟಿದ್ದಕ್ಕೆ ಕಾರಣ: ವಾಲ್ವು, ಗುಬುಟು ಎಲ್ಲ ತೊಳೆಯೋ ತಾಳ್ಮೆ ನನಗಿಲ್ಲ, ಬಿಚ್ಚಿ ತೊಳೆಯೋ ಕನ್ವರ್ಟರ್ ಸಾಕು. ನಿಬ್ಬು ಹೇಗೂ ಒಂದೇ. ನೋಟ್‌ಬುಕ್ ಹಾಳೆ ಪೋಸ್ಟ್ ಮಾಡಿದೀನಿ. ಪೋಸ್ಟ್ ಆಫೀಸಿನವರು ‘ಒಳಗೇನಿದೆ’ ಅಂದ್ರು, ‘ಖಾಲಿ ಹಾಳೆ’ ಅಂದೆ. ಒಂದು ಥರ ನೋಡಿದ್ರು.

ಚಿನ್ನದಂಗಡಿ ಚಂದ್ರು
21 ಕ್ಯಾರೆಟ್ ಬಿಟ್ಟು 14ಕ್ಕೆ ಇಳಿದ್ರಿ. ಸರಿ.

ಮಲೆನಾಡ ಮೇಷ್ಟ್ರು
ಪೆನ್ನು ಬಂತು. ನಿಬ್ಬಿನ ಮೇಲೆ ಪೈಲಟ್, 14ಕೆ-585, 15, ಎಫ್ ಅಂತ ಕೆತ್ತಿದೆ. ಬ್ಲೂ-ಬ್ಲ್ಯಾಕ್ ಹಾಕಿದೀನಿ.

‘ರಾಷ್ಟ್ರ’, ‘ಶಾಸ್ತ್ರ’, ‘ವೈಶಿಷ್ಟ್ಯ’ ಮೂರೂ ಬರೆದೆ. ಒತ್ತುಗಳು ಬೇರೆ ಬೇರೆ ಕಾಣ್ತವೆ, ಷ ಹೊಟ್ಟೆಯಲ್ಲಿ ಬೆಳಕು ಇದೆ. ಲಾಂಗ್ ಬುಕ್ಕಿನಲ್ಲಿ ಹಿಂಬದಿಗೆ ಇಳಿಯೋದಿಲ್ಲ, ಜೆರಾಕ್ಸ್ ಹಾಳೆಯಲ್ಲಿ ಒಂಚೂರು ಹರಡುತ್ತೆ. ಮೆಟ್ರೊಪಾಲಿಟನ್‌ಗಿಂತ ಇಂಕು ಧಾರಾಳವಾಗಿ ಬರುತ್ತೆ, ಹಾಗಾಗಿ ಒತ್ತೋ ಅಗತ್ಯವೇ ಬೀಳ್ತಿಲ್ಲ. ಕೈಗೆ ಇನ್ನೂ ಅದು ಅರ್ಥ ಆಗಿಲ್ಲ. ಮಧ್ಯ ಮಧ್ಯ ಹಳೇ ಅಭ್ಯಾಸಕ್ಕೆ ಒತ್ತಿಬಿಡ್ತೀನಿ, ಆಗ ಒಂದು ಅಕ್ಷರ ಮಾತ್ರ ದಪ್ಪ ಬರುತ್ತೆ.

ಒಂದೇ ತೊಂದರೆ. ಜೊತೆಗೆ ಬಂದ ಕನ್ವರ್ಟರ್ ಕಾನ್-70, ತುದಿಯಲ್ಲಿ ಒತ್ತೋ ಗುಂಡಿ ಇದೆ. ಒತ್ತಿದರೆ ಕಾಲು ಭಾಗ ಮಾತ್ರ ತುಂಬುತ್ತೆ. ಕೆಟ್ಟಿದೆಯಾ?

ಗೀಚುಗಾರ
ಕೆಟ್ಟಿಲ್ಲ. ಒಂದು ಸಲ ಒತ್ತಿದರೆ ಅಷ್ಟೇ. ಪಟಪಟ ಅಂತ ಒತ್ತಿ ಒತ್ತಿ ಬಿಡ್ತಾ ಇರಬೇಕು, ಮಟ್ಟ ಏರ್ತಾ ಹೋಗುತ್ತೆ.

ಯೊಕೊಹಾಮಾ ಕನ್ನಡತಿ
ಜೊತೆಗೆ ನಿಬ್ಬು ಪೂರ್ತಿ, ಬೆರಳು ಹಿಡಿಯೋ ಭಾಗದ ಅಂಚಿನವರೆಗೂ ಇಂಕಿನಲ್ಲಿ ಮುಳುಗಿರಬೇಕು. ಅರ್ಧ ಮುಳುಗಿಸಿದರೆ ಗಾಳಿ ಎಳ್ಕೊಳ್ಳುತ್ತೆ, ಇಂಕು ಅಲ್ಲ. ಬಾಟಲಿಯಲ್ಲಿ ಇಂಕು ತಳ ಸೇರಿದಾಗ ಇದು ಕಷ್ಟ, ಆಗ ಕಾರ್ಟ್ರಿಡ್ಜ್ ಹಾಕ್ಕೊಳ್ಳಿ. ತೊಳೆಯೋವಾಗಲೂ ಹೀಗೇ ಒತ್ತಿ ಒತ್ತಿ ಬಿಡಿ. ಒಳಗೆ ಒಂದು ಕಡ್ಡಿ ಇರೋದ್ರಿಂದ ಬಣ್ಣ ಬೇಗ ಹೋಗಲ್ಲ, ಒಂದೇ ಇಂಕು ಬಳಸ್ತಾ ಇದ್ದರೆ ಅದರ ಚಿಂತೆ ಬೇಡ.

ಎಡಗೈ ಈರ
ಎಡಗೈಯವರಿಗೆ ಬೇಗ ಒಣಗೋ ಇಂಕಿನ ಬಗ್ಗೆ ಬೇರೆ ಚರ್ಚೆ ಶುರು ಮಾಡ್ತಿದೀನಿ, ಅಂಗೈಯೆಲ್ಲ ನೀಲಿಯಾಗಿರೋರು ಅಲ್ಲಿಗೆ ಬನ್ನಿ.